ಒಳಗಿನ ಹುಳ

ಬೋರ್ಡಿನಲ್ಲಿ ‘ಮನೋವೈದ್ಯೆ’ ಅಂತಿದೆ.
ಊರಿನ ಬಾಯಲ್ಲಿ ನಾನು ರೀಲರ್ ಮುನಿರತ್ನಮ್ಮನ ಮಗಳು,
ಹೆಚ್ಚೆಂದರೆ ತಲೆ ಡಾಕ್ಟ್ರಮ್ಮ.

ಶಿಡ್ಲಘಟ್ಟದಲ್ಲಿ, ಗೂಡಿನ ಮಾರುಕಟ್ಟೆಯ ಹಿಂದೆ,
ಮೊದಲು ನೂಲು ಬಿಚ್ಚಾಣಿಕೆ ನಡೆಯುತ್ತಿದ್ದ ಕೋಣೆ.
ಮೂರು ಸಲ ಸುಣ್ಣ ಬಳಿದರೂ
ಮೋಡ ಕವಿದ ದಿನ ಗೋಡೆ
ಬೆಂದ ಹುಳುವಿನ ವಾಸನೆ ಬಿಡುತ್ತದೆ.
ನನ್ನ ಪ್ರೊಫೆಸರು ಬಂದಾಗ ಮೂಗು ಮುಚ್ಚಿಕೊಂಡೇ
ರಿಜಿಸ್ಟರನ್ನು ಮೆಚ್ಚಿದರು.

ಗಂಗುಲಮ್ಮನ ಮೈಮೇಲೆ ದೇವತೆ ಬರುತ್ತಾಳೆ,
ಸಾದಲಿಯಿಂದ, ಎಂಟೂವರೆ ಬಸ್ಸಿಗೆ,
ಟಿಕೆಟ್ಟಿಲ್ಲದೆ.
ನಾನು ಓದಿದ ಪುಸ್ತಕ ಅದಕ್ಕೊಂದು ಹೆಸರು ಕೊಟ್ಟಿತ್ತು,
ಹೆಸರಿಗೊಂದು ಅಂಕಿ.
ಮೊದಲ ವರ್ಷ ಆ ಅಂಕಿಯ ಜೊತೆ ಮಾತಾಡಿದೆ.
ಅಂಕಿ ತುಟಿ ಬಿಚ್ಚಲಿಲ್ಲ.
ಎರಡನೇ ವರ್ಷ ಕುರ್ಚಿ ಬಿಟ್ಟು ಎದ್ದು ಕೇಳಿದೆ:
‘ಬಂದೆಯಾ ತಾಯಿ? ಕೂತ್ಕೋ. ಏನಾಯ್ತು ಹೇಳು.’
ದೇವತೆ ತೆಲುಗಿನಲ್ಲಿ ಗದರಿದಳು.
ಗಂಡ ಕುಡಿದು ಬಂದು ಸೊಸೆಯ ಮುಂದೆ ಜುಟ್ಟು ಹಿಡಿದದ್ದನ್ನು
ಒಂದೊಂದಾಗಿ, ಹಬ್ಬ ಹುಣ್ಣಿಮೆಗಳ ಲೆಕ್ಕದ ಸಮೇತ, ಹೇಳಿದಳು.
ಗಂಗುಲಮ್ಮ ಹನ್ನೊಂದು ವರ್ಷ ನುಂಗಿಕೊಂಡಿದ್ದ ಮಾತು.
ಹೊರಡುವಾಗ ಕೈಮುಗಿದೆ:
‘ನಿನ್ನ ಮಗಳು ರಾತ್ರಿ ಗುಳಿಗೆ ಮರೀದ ಹಾಗೆ ನೋಡ್ಕೋ.’
ಒಪ್ಪಿದಳು. ಮೂರು ನಿಂಬೆಹಣ್ಣು ಕೇಳಿದಳು.
ರಿಜಿಸ್ಟರಿನಲ್ಲಿದೆ ಅದು, ಖರ್ಚಿನ ಕಾಲಮ್ಮಿನಲ್ಲಿ.

ಹಾಗಂತ ನಾನು ಭಕ್ತೆ ಅಲ್ಲ.
ತಾತ ಪಿಲ್ಲಣ್ಣ ಏಕನಾದ ಮೀಟಿ ತತ್ವ ಹೇಳುತ್ತಿದ್ದ.
ಪದಗಳೆಲ್ಲ ಮರೆತಿದ್ದೇನೆ.
ಒಂದು ಪದ ಮುಗಿದ ಮೇಲೆ
ತಂತಿ ತಾನಾಗಿ ತಣ್ಣಗಾಗುವ ತನಕ ಅವನು ಕಾಯುತ್ತಿದ್ದ.
ಆ ಬಿಡುವೊಂದನ್ನೇ ನಾನು ಕದ್ದದ್ದು.
ಬಂದವರು ಮಾತು ನಿಲ್ಲಿಸಿದರೆ
ಪೆನ್ನು ಕೆಳಗಿಟ್ಟು ಅಷ್ಟೇ ಹೊತ್ತು ಕೂರುತ್ತೇನೆ.
ನಿಜವಾದದ್ದು ಬರುವುದು ಆಮೇಲೆ,
ಕೆಲವೊಮ್ಮೆ ಬಾಗಿಲಲ್ಲಿ, ಚಪ್ಪಲಿ ಮೆಟ್ಟುವಾಗ.

ಮುರುಗಮಲ್ಲದ ದರ್ಗಾದಲ್ಲಿ ನಲವತ್ತು ದಿನ ಇದ್ದು ಬಂದ
ಆರಿಫುಲ್ಲಾನ ತಾಯಿತ ಬಿಚ್ಚಿಸಿಲ್ಲ.
ಲಿಥಿಯಂ ಎಷ್ಟೇರಿದೆ ನೋಡಲು ಸೂಜಿ ಚುಚ್ಚುವುದು
ಇನ್ನೊಂದು ತೋಳಿಗೆ.
ಸಮ್ಮೇಳನದ ಊಟದ ಸಾಲಿನಲ್ಲಿ: ‘ಇವರು ಮಂತ್ರ ಹಾಕ್ತಾರಂತೆ.’
ಗುಡಿಯ ಕಟ್ಟೆಯ ಮೇಲೆ: ‘ಅವಳದು ಬರೀ ಮಾತ್ರೆ.’

ಜಂಗಮಕೋಟೆಯ ನವನೀತನಿಗೆ ಹತ್ತೊಂಬತ್ತು.
ಉಸಿರು ಎಣಿಸಲು ಕಲಿಸಿದ್ದೆ. ಬೇಗ ಕಲಿತ.
ಒಂದು ತಿಂಗಳು ಪೂರ್ತಿ ಶಾಂತವಾಗಿದ್ದ.
ಆ ಶಾಂತಿಯನ್ನು ನಂಬಿದೆ.
ಗುಳಿಗೆ ಅರ್ಧಕ್ಕೆ ಇಳಿಸಿದೆ.

ಕೆರೆಯ ತೂಬಿನ ಹತ್ತಿರ ಸಿಕ್ಕಿತು ಸೈಕಲ್ಲು,
ಸ್ಟ್ಯಾಂಡು ಹಾಕಿ, ಬೀಗ ಹಾಕಿ, ನೀಟಾಗಿ.

ಈಗಲೂ ಯಾರಾದರೂ ‘ಮನಸ್ಸು ತಿಳಿಯಾಯ್ತು ಮೇಡಂ’ ಅಂದರೆ
ಖುಷಿಗಿಂತ ಮೊದಲು ಆ ಬೀಗ ಕಾಣುತ್ತದೆ.
ಇದಕ್ಕೆ ತಾತನ ಬಳಿಯೂ ಪದವಿರಲಿಲ್ಲ,
ಇದ್ದಿದ್ದರೆ ಮರೆಯುತ್ತಿರಲಿಲ್ಲ.

ಅಮ್ಮ ಕುದಿನೀರಿಗೆ ಗೂಡು ಸುರಿದು
ಕಡ್ಡಿಯಲ್ಲಿ ಮೆಲ್ಲಗೆ ತಿರುವುತ್ತ
ಕಣ್ಣಿಗೆ ಕಾಣದ ತುದಿಯನ್ನು ಬೆರಳಲ್ಲಿ ಹುಡುಕುತ್ತಿದ್ದಳು.
ಸಿಕ್ಕರೆ, ಉದ್ದಾನುದ್ದ ಎಳೆ
ತಕರಾರಿಲ್ಲದೆ ಬಿಚ್ಚಿಕೊಳ್ಳುತ್ತದೆ.
ಜಗ್ಗಿದರೆ ತುಂಡು.
ಬೆಂದು ಬೆಂದು ಅವಳ ಬೆರಳಲ್ಲಿ ಗೆರೆಗಳೇ ಇರಲಿಲ್ಲ.
ರೇಷನ್ ಅಂಗಡಿಯ ಯಂತ್ರ
ಅವಳನ್ನು ಅವಳೆಂದು ಕೊನೆಗೂ ಒಪ್ಪಲಿಲ್ಲ.
ನನ್ನದೂ ಇದೇ ಕಸುಬು ಎಂದು ಒಮ್ಮೆ ಜಂಬ ಕೊಚ್ಚಿದೆ.
ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಅಂದಳು:
‘ನಮ್ದ್ರಲ್ಲಿ ಒಳಗಿನ ಹುಳ ಸತ್ತಿರ್ತದಲ್ಲೇ.
ನೀನು ನೀರು ಎಷ್ಟು ಕಾಯಿಸ್ತೀಯ?’

ಇವತ್ತು ಗುರುವಾರ. ಬೆಂಚಿನ ಮೇಲೆ ಹದಿನೇಳು ಜನ.
ಗಂಗುಲಮ್ಮ ಒಬ್ಬಳೇ ಒಳಗೆ ಬಂದಳು.
‘ಅವಳೆಲ್ಲಿ?’ ಅಂದೆ.
‘ಬಸ್ಸಲ್ಲಿ ಸೀಟಿರಲಿಲ್ಲ.’
ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

ಪೆನ್ನು ಕೆಳಗಿಟ್ಟೆ.